ಪುಟ್ಟ ನಾಯಿಯ ಹೊಟ್ಟೆ ಪದೇ ಪದೇ ಕೆಡುತ್ತಿದೆಯೇ? ಪೊಟ್ಟಣ ಬದಲಿಸುವ ಮೊದಲು ದೋಷ ಹುಡುಕುವ ಕ್ರಮ

ಮನೆಯ ಪುಟ್ಟ ನಾಯಿಗೆ ಭೇದಿಯಾಗುತ್ತದೆ. ಈ ಆಹಾರ ಒಗ್ಗುತ್ತಿಲ್ಲ ಎಂದುಕೊಂಡು ಮನೆಯವರು ಬೇರೆ ಕಂಪನಿಯ ಪೊಟ್ಟಣ ತರುತ್ತಾರೆ. ನಾಲ್ಕೈದು ದಿನ ಎಲ್ಲ ಸರಿ. ಆಮೇಲೆ ಮಲ ಮತ್ತೆ ಸಡಿಲ, ಮತ್ತೊಂದು ಪೊಟ್ಟಣ. ಪೊಮೆರೇನಿಯನ್, ಸ್ಪಿಟ್ಜ್, ಶಿಟ್ಜು, ಪಗ್, ಡ್ಯಾಷ್‌ಹಂಡ್ ಸಾಕಿದ ಎಷ್ಟೋ ಮನೆಗಳಲ್ಲಿ ಅರ್ಧ ಖಾಲಿಯಾದ ಪೊಟ್ಟಣಗಳು ಸಾಲಾಗಿ ಕುಳಿತಿರುತ್ತವೆ. ನಾಯಿಯ ಹೊಟ್ಟೆ ಮಾತ್ರ ಹಾಗೆಯೇ ಇರುತ್ತದೆ.

ಈ ಸುತ್ತಿನಲ್ಲಿ ಎರಡು ಮೋಸಗಳಿವೆ. ಸಾಮಾನ್ಯ ಭೇದಿ ಏನೂ ಮಾಡದಿದ್ದರೂ ಕೆಲವೇ ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಅದರ ಶ್ರೇಯಸ್ಸು ಹೊಸ ಪೊಟ್ಟಣಕ್ಕೆ ಹೋಗುತ್ತದೆ. ಇನ್ನೊಂದು ಕಡೆ, ಆಹಾರವನ್ನು ದಿಢೀರನೆ ಬದಲಿಸಿದರೆ ಆರೋಗ್ಯವಂತ ನಾಯಿಗೂ ಭೇದಿಯಾಗುತ್ತದೆ. ಆಗ ತಪ್ಪೇ ಮಾಡದ ಪೊಟ್ಟಣದ ಮೇಲೆ ಅಪವಾದ ಬರುತ್ತದೆ. ಹೀಗೆ ವರ್ಷವಿಡೀ ಬದಲಿಸುತ್ತಿದ್ದರೂ ನಾಯಿಯ ಬಗ್ಗೆ ಒಂದೇ ಒಂದು ಖಚಿತ ಸಂಗತಿ ಕೈಗೆ ಸಿಗುವುದಿಲ್ಲ. ಆದ್ದರಿಂದ ನಾನು ಇಲ್ಲಿ ಒತ್ತಿ ಹೇಳುವುದು ಒಂದೇ: ಮೊದಲು ಕೆಟ್ಟಿರುವುದು ಹೊಟ್ಟೆಯ ಯಾವ ಭಾಗ, ಯಾವ ಬಗೆಯಲ್ಲಿ ಎಂಬುದನ್ನು ನೋಡಿ, ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದಕ್ಕೆ ಸಾಕಷ್ಟು ಸಮಯ ಕೊಡಿ.

ಕಾಯಬಹುದೇ, ಇಂದೇ ಓಡಬೇಕೇ?

ಆಹಾರದ ಚರ್ಚೆಗೆ ಮುಂಚೆ ಈ ಪ್ರಶ್ನೆ ಮುಗಿಯಬೇಕು. ದೊಡ್ಡ ನಾಯಿ ಒಂದು ದಿನದ ಭೇದಿಯನ್ನು ತಾಳಿಕೊಳ್ಳುತ್ತದೆ. ಮೂರು ಕಿಲೊ ತೂಗುವ ನಾಯಿಯ ಮೈಯಲ್ಲಿ ನೀರಿನ ದಾಸ್ತಾನೇ ಚಿಕ್ಕದು, ಅದು ಬೇಗ ಸೋಲುತ್ತದೆ. ಚಿಕ್ಕ ತಳಿಯ ಎಳೆಯ ಮರಿಗಳಲ್ಲಂತೂ ಕೆಲವು ಗಂಟೆ ಊಟ ತಪ್ಪಿದರೆ ರಕ್ತದ ಸಕ್ಕರೆ ಇಳಿದು ತೂರಾಡುವುದು, ನಡುಗುವುದು, ಕೊನೆಗೆ ಫಿಟ್ಸ್ ಬರುವುದೂ ಉಂಟು. ಹಾಗಾಗಿ ‘ಇಪ್ಪತ್ತನಾಲ್ಕು ಗಂಟೆ ಉಪವಾಸ ಹಾಕಿ’ ಎಂಬ ಹಳೆಯ ಸಲಹೆಯನ್ನು ಇಂಥ ಮರಿಗಳಿಗೆ ಅನ್ವಯಿಸಲೇಬಾರದು.

ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಅಂದೇ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ:

- ಕುಡಿದ ನೀರೂ ನಿಲ್ಲದಂತೆ ಪದೇ ಪದೇ ವಾಂತಿ.
- ಮಲದಲ್ಲಿ ಧಾರಾಳವಾಗಿ ರಕ್ತ, ಅಥವಾ ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ.
- ವಸಡು ಬಿಳಿಚಿಕೊಂಡಿರುವುದು ಅಥವಾ ಒಣಗಿ ಬೆರಳಿಗೆ ಅಂಟುವುದು. ವಸಡನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು.
- ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ಊರಿ, ಹಿಂಭಾಗವನ್ನು ಮಾತ್ರ ಎತ್ತಿ ನಿಲ್ಲುವುದು. ಇದು ಹೊಟ್ಟೆಯ ಮೇಲ್ಭಾಗದ ನೋವಿನ ಗುರುತು. ಮೇದೋಜೀರಕ ಗ್ರಂಥಿಯ ಉರಿಯೂತದಲ್ಲಿ ಹೀಗೆ ನಿಲ್ಲುತ್ತವೆ.
- ಲಸಿಕೆಗಳು ಪೂರ್ಣಗೊಳ್ಳದ ಮರಿಗೆ ವಾಂತಿ, ಭೇದಿ, ಮಂಕು. ಪಾರ್ವೊ (ಮರಿಗಳಿಗೆ ಮಾರಕವಾದ ವೈರಸ್ ಸೋಂಕು) ಅಲ್ಲ ಎಂದು ಪರೀಕ್ಷೆಯಿಂದ ಖಾತ್ರಿಯಾಗುವವರೆಗೆ ಅದನ್ನು ಪಾರ್ವೊ ಎಂದೇ ಭಾವಿಸಬೇಕು.
- ಒಣದ್ರಾಕ್ಷಿ, ಚಾಕೊಲೇಟ್, ಸಕ್ಕರೆರಹಿತ ಚೂಯಿಂಗ್ ಗಮ್, ಇಲಿ ಪಾಷಾಣ ಅಥವಾ ಮನುಷ್ಯರ ನೋವಿನ ಮಾತ್ರೆ ತಿಂದಿರುವ ಅನುಮಾನ.

ಸಣ್ಣ ತಳಿಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಸ್ಥಿತಿಯಿದೆ. ಬೆಳಿಗ್ಗೆ ಚೆನ್ನಾಗಿಯೇ ಇದ್ದ ನಾಯಿ ಒಂದೆರಡು ಸಲ ವಾಂತಿ ಮಾಡಿ, ಕೆಲವೇ ಗಂಟೆಗಳಲ್ಲಿ ಜಾಮ್‌ನಂಥ ಕೆಂಪು ಭೇದಿ ಮಾಡತೊಡಗುತ್ತದೆ. ಮಿನಿಯೇಚರ್ ಷ್ನೌಜರ್, ಯಾರ್ಕ್‌ಷೈರ್ ಟೆರಿಯರ್ (ಯಾರ್ಕಿ), ಮಾಲ್ಟೀಸ್ ತಳಿಗಳಲ್ಲಿ ಇದು ಚಿರಪರಿಚಿತ. ಡ್ರಿಪ್ ಬೇಗ ಸಿಕ್ಕರೆ ಬಹುಪಾಲು ನಾಯಿಗಳು ಚೇತರಿಸಿಕೊಳ್ಳುತ್ತವೆ; ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಗಂಜಿ ಕುಡಿಸಿ ನೋಡೋಣ ಎಂದು ರಾತ್ರಿಯಿಡೀ ಕಾಯುವ ಸಂದರ್ಭ ಇದಲ್ಲ.

ದೋಷ ಹೊಟ್ಟೆಯ ಯಾವ ಭಾಗದಲ್ಲಿ?

ಇದಕ್ಕೆ ಬೇಕಾದ ಉಪಕರಣ ಒಂದು ನೋಟ್‌ಪುಸ್ತಕ, ಜೊತೆಗೆ ಮೊಬೈಲ್‌ನಲ್ಲಿ ತೆಗೆದ ಮಲದ ಚಿತ್ರಗಳು. ಅಸಹ್ಯವೆನಿಸಬಹುದು, ಆದರೆ ವೈದ್ಯರಿಗೆ ಹತ್ತು ನಿಮಿಷದ ವಿವರಣೆಗಿಂತ ಒಂದು ಚಿತ್ರ ಹೆಚ್ಚು ತಿಳಿಸುತ್ತದೆ. ಪಶುವೈದ್ಯರು ಮಲಕ್ಕೆ 1ರಿಂದ 7ರವರೆಗೆ ಅಂಕ ಕೊಡುತ್ತಾರೆ: 1 ಎಂದರೆ ಕಲ್ಲಿನಷ್ಟು ಗಟ್ಟಿ, 2 ಎಂದರೆ ಆಕಾರ ಕೆಡದೆ, ಎತ್ತಿದರೆ ನೆಲಕ್ಕೆ ಅಂಟದೆ ಬರುವಂಥದ್ದು, 7 ಎಂದರೆ ಬರಿ ನೀರು. ದಿನವೂ ಅಂಕ ಬರೆದಿಟ್ಟರೆ ‘ಸ್ವಲ್ಪ ವಾಸಿ’ ಎಂಬ ಅಂದಾಜಿನ ಮಾತು ಬೇಕಾಗುವುದಿಲ್ಲ.

ಭೇದಿಯನ್ನು ಹೀಗೆ ಬೇರ್ಪಡಿಸಿ. ದಿನಕ್ಕೆ ಎರಡು ಮೂರು ಸಲ, ಆದರೆ ಪ್ರತಿ ಸಲವೂ ರಾಶಿ ರಾಶಿ. ಜೊತೆಗೆ ತೂಕ ಇಳಿಯುತ್ತಿದೆ, ಹೊಟ್ಟೆ ಗುಡುಗುಡು ಎನ್ನುತ್ತದೆ ಎಂದಾದರೆ ದೋಷ ಸಣ್ಣ ಕರುಳಿನಲ್ಲಿ. ಅಲ್ಲಿ ಆಹಾರ ಜೀರ್ಣವಾಗುತ್ತಿಲ್ಲ ಅಥವಾ ಮೈಗೆ ಹೀರುತ್ತಿಲ್ಲ. ಗಳಿಗೆಗೊಮ್ಮೆ ಬಾಗಿಲ ಬಳಿ ಓಡುತ್ತದೆ, ತಿಣುಕುತ್ತದೆ, ಬರುವುದು ಮಾತ್ರ ಒಂದು ಚಮಚದಷ್ಟು. ಅದರಲ್ಲಿ ಲೋಳೆ, ಕೊನೆಯಲ್ಲಿ ಒಂದೆರಡು ಹನಿ ಹೊಸ ರಕ್ತ. ಇದು ದೊಡ್ಡ ಕರುಳಿನ ದೋಷ. ಇಂಥ ನಾಯಿ ಸಾಮಾನ್ಯವಾಗಿ ತೂಕ ಕಳೆದುಕೊಳ್ಳುವುದಿಲ್ಲ, ಆಟವಾಡಿಕೊಂಡೇ ಇರುತ್ತದೆ. ನೋಡಲು ಎರಡನೆಯದೇ ಹೆಚ್ಚು ಗಾಬರಿ ಹುಟ್ಟಿಸುತ್ತದೆ, ಆದರೆ ಒಳಗೊಳಗೇ ಕೊರೆಯುವುದು ಮೊದಲನೆಯದು. ನಾಲ್ಕು ಕಿಲೊ ನಾಯಿ 400 ಗ್ರಾಂ ಕಳೆದುಕೊಂಡರೆ ಅದು ಮೈತೂಕದ ಹತ್ತನೆಯ ಒಂದು ಭಾಗ. ದಟ್ಟ ಕೂದಲಿನ ಸ್ಪಿಟ್ಜ್‌ನಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ. ವಾರಕ್ಕೊಮ್ಮೆ ತೂಗಿ.

ವಾಂತಿಯಲ್ಲೂ ಹೀಗೆಯೇ ಭೇದವಿದೆ. ಹೊಟ್ಟೆ ಕುಕ್ಕಿ, ಓಕರಿಸಿ, ಬಾಯಲ್ಲಿ ಜೊಲ್ಲು ಸುರಿಸಿ ಹೊರಹಾಕಿದರೆ ಅದು ವಾಂತಿ. ಯಾವ ಪ್ರಯಾಸವೂ ಇಲ್ಲದೆ, ತಲೆ ಬಗ್ಗಿಸಿದೊಡನೆ ತಿಂದದ್ದು ತಿಂದಂತೆಯೇ ಜಾರಿ ಬಿದ್ದರೆ ಅದು ಅನ್ನನಾಳದಿಂದ ಮರಳಿ ಬಂದದ್ದು, ಹೊಟ್ಟೆಯವರೆಗೆ ಹೋಗಿಯೇ ಇಲ್ಲ. ಪಗ್, ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳು ಉಸಿರಾಟದ ಕಷ್ಟದಲ್ಲೇ ಗಬಗಬನೆ ತಿಂದು, ಗಾಳಿಯನ್ನೂ ನುಂಗಿ ಹೀಗೆ ಮಾಡುವುದು ಹೆಚ್ಚು. ಅವುಗಳಿಗೆ ಪೊಟ್ಟಣ ಬದಲಿಸುವುದಕ್ಕಿಂತ ಊಟವನ್ನು ಸಣ್ಣ ಸಣ್ಣ ಪಾಲು ಮಾಡಿ, ನಿಧಾನವಾಗಿ ತಿನ್ನಿಸುವ ಉಬ್ಬುತಗ್ಗಿನ ಬಟ್ಟಲಿನಲ್ಲಿ ಕೊಡುವುದೇ ಮೊದಲ ಪರಿಹಾರ. ಆದರೂ ನಿಲ್ಲದಿದ್ದರೆ ಎಕ್ಸ್-ರೇ ಬೇಕು.

ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಹಳದಿ ನೊರೆ ಕಕ್ಕಿ, ಅರ್ಧ ಗಂಟೆಯಲ್ಲಿ ಏನೂ ಆಗದಂತೆ ಊಟ ಕೇಳುವ ನಾಯಿಯ ಕತೆಯೇ ಬೇರೆ. ರಾತ್ರಿ ಏಳಕ್ಕೆ ಉಂಡ ನಾಯಿಗೆ ಬೆಳಿಗ್ಗೆ ಎಂಟರವರೆಗೆ ಏನೂ ಸಿಗದಿದ್ದರೆ ಪಿತ್ತ ಹೊಟ್ಟೆಗೆ ಹಿಮ್ಮರಳಿ ಅದರ ಒಳಪದರವನ್ನು ಕೆರಳಿಸುತ್ತದೆ. ನಮ್ಮ ಮನೆಯ ಸ್ಪಿಟ್ಜ್‌ಗೆ ಈ ತೊಂದರೆಯಿತ್ತು. ದಿನದ ಪಾಲಿನಲ್ಲೇ ಒಂದು ಹಿಡಿ ಉಳಿಸಿ ಮಲಗುವ ಹೊತ್ತಿಗೆ ಕೊಡತೊಡಗಿದೆವು, ವಾಂತಿ ನಿಂತಿತು. ಆಹಾರ ಅದೇ, ಅಳತೆ ಅದೇ, ಬದಲಾದದ್ದು ಗಡಿಯಾರ ಮಾತ್ರ.

ಆಹಾರದ ತಪ್ಪೇ ಅಲ್ಲದ ಕಾರಣಗಳು

ಇವುಗಳನ್ನು ತಳ್ಳಿಹಾಕದೆ ಆಹಾರ ಹುಡುಕಲು ಹೊರಟರೆ ದುಡ್ಡು, ಸಮಯ ಎರಡೂ ವ್ಯರ್ಥ.

ಜಂತುಹುಳು ಮೊದಲನೆಯದು. ಕಳೆದ ಸಲ ಔಷಧ ಕೊಟ್ಟದ್ದು ಯಾವಾಗ ಎಂದು ನೆನಪಿಲ್ಲದಿದ್ದರೆ ಅದೇ ಉತ್ತರ. ಕೊಕ್ಕೆಹುಳು ರಕ್ತ ಹೀರಿ ಮರಿಗಳನ್ನು ಬಿಳಿಚಿಸುತ್ತದೆ. ಚಾಟಿಹುಳು ದೊಡ್ಡ ಕರುಳಿನಲ್ಲಿ ಕುಳಿತು ಲೋಳೆ, ರಕ್ತದ ಭೇದಿ ತರುತ್ತದೆ. ಇದರ ಮೊಟ್ಟೆ ಮಲದಲ್ಲಿ ಒಂದು ದಿನ ಕಂಡರೆ ಇನ್ನೊಂದು ದಿನ ಕಾಣುವುದಿಲ್ಲ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ತುಣುಕು ಕಂಡರೆ ಲಾಡಿಹುಳು, ಅದನ್ನು ಹರಡುವುದು ಚಿಗಟ. ಚಿಗಟ ಹೋಗದೆ ಲಾಡಿಹುಳು ಹೋಗುವುದಿಲ್ಲ. ಜಿಯಾರ್ಡಿಯ ಎಂಬ ಏಕಕೋಶ ಜೀವಿ ಸಾಮಾನ್ಯ ಜಂತುಹುಳು ಮಾತ್ರೆಗೆ ಸಾಯದಿರಬಹುದು. ಅದಕ್ಕೆ ಪ್ರತ್ಯೇಕ ಪರೀಕ್ಷೆ, ಹಲವು ದಿನಗಳ ಔಷಧ ಬೇಕು. ತಾಜಾ ಮಲವನ್ನು ಡಬ್ಬಿಯಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕೊಡುವುದು ಹೊಸ ಪೊಟ್ಟಣಕ್ಕಿಂತ ಅಗ್ಗ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಹತ್ತಿರದಲ್ಲಿರುವವರು ಅಲ್ಲಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಉಣ್ಣೆಜ್ವರ ನಮ್ಮ ಕಡೆ ಸಾಮಾನ್ಯ. ಊಟ ಬಿಡುವುದು, ಮಂಕು, ಮೂಗಿನಲ್ಲಿ ರಕ್ತ ಇತ್ಯಾದಿ ಕಂಡರೆ ‘ಈ ಆಹಾರ ರುಚಿಸುತ್ತಿಲ್ಲ’ ಎಂದು ತೀರ್ಮಾನಿಸಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ವಾಂತಿಯ ಜೊತೆ ಕಣ್ಣು, ವಸಡು ಹಳದಿಯಾದರೆ ಇಲಿಜ್ವರದ ಯೋಚನೆ ಬರಬೇಕು. ಅದು ಮನುಷ್ಯರಿಗೂ ಹರಡುತ್ತದೆ. ಹಲ್ಲನ್ನೂ ನೋಡಿ. ಪುಟ್ಟ ತಳಿಗಳಲ್ಲಿ ಹಾಲುಹಲ್ಲು ಬೀಳದೆ ಉಳಿಯುವುದು, ಹಲ್ಲಿನ ಬುಡ ಕೀವಾಗುವುದು ತುಂಬ ಹೆಚ್ಚು. ಒಣ ಆಹಾರವನ್ನು ಮೂಸಿ ಬಿಟ್ಟು ಮೊಸರನ್ನ ಮಾತ್ರ ತಿನ್ನುವ ನಾಯಿಗೆ ಹಟವಲ್ಲ, ಹಲ್ಲುನೋವು ಇರಬಹುದು.

ಊಟವಾದ ಮೇಲೆ ಮಂಕಾಗಿ, ಗೋಡೆಗೆ ತಲೆಯೊತ್ತಿ ನಿಲ್ಲುವ, ವಯಸ್ಸಿಗೆ ತಕ್ಕಷ್ಟು ಬೆಳೆಯದ ಯಾರ್ಕಿ ಅಥವಾ ಮಾಲ್ಟೀಸ್ ಮರಿಯಿದ್ದರೆ ಯಕೃತ್ತಿನೊಳಗೆ ಹೋಗದೆ ಸುತ್ತಿಕೊಂಡು ಹೋಗುವ ಜನ್ಮಜಾತ ರಕ್ತನಾಳ ಇರಬಹುದು. ಅದರ ಆಹಾರಕ್ರಮವೇ ಬೇರೆ, ವೈದ್ಯರಿಲ್ಲದೆ ಮುಟ್ಟಬಾರದು.

ಇನ್ನು ಮನೆಯವರ ಕೈ. ಬಟ್ಟಲಿನಲ್ಲಿ ಬಿದ್ದದ್ದನ್ನು ಮಾತ್ರ ಲೆಕ್ಕ ಹಿಡಿಯುತ್ತೇವೆ. ಮೇಜಿನ ಕೆಳಗೆ ಬಿದ್ದದ್ದನ್ನು, ಅಜ್ಜಿಯ ಸೆರಗಿನ ಮರೆಯಿಂದ ಬಂದದ್ದನ್ನು, ಕಾವಲುಗಾರರು ಪ್ರೀತಿಯಿಂದ ಕೊಟ್ಟ ಬಿಸ್ಕತ್ತನ್ನು ಹಿಡಿಯುವುದಿಲ್ಲ. ಹುಳಿ, ಸಾರು, ಪಲ್ಯದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೇಸರಿಬಾತ್, ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಯುಗಾದಿಯ ಮರುದಿನ ಹೊಸತೊಡಕಿನ ಮಟನ್ ಕೊಬ್ಬು, ಬೇಯಿಸಿದ ಮೂಳೆ ತಿಂದ ಪುಟ್ಟ ನಾಯಿ ವಾಂತಿ ಮಾಡುತ್ತಾ ಬಾಗಿ ಕುಳಿತರೆ ಮೇದೋಜೀರಕ ಗ್ರಂಥಿಯ ಉರಿಯೂತವನ್ನೂ ಗಂಟಲಲ್ಲೋ ಕರುಳಲ್ಲೋ ಸಿಕ್ಕ ಮೂಳೆಯನ್ನೂ ಶಂಕಿಸಬೇಕು. ಒಂದು ವಾರ, ಮನೆಯ ಪ್ರತಿಯೊಬ್ಬರೂ ನಾಯಿಯ ಬಾಯಿಗೆ ಹಾಕಿದ್ದನ್ನೆಲ್ಲ ಫ್ರಿಜ್ ಮೇಲೆ ಅಂಟಿಸಿದ ಹಾಳೆಯಲ್ಲಿ ಬರೆಯಲಿ. ದೋಷ ಆ ಹಾಳೆಯಲ್ಲೇ ಸಿಕ್ಕಿಬಿಡುವ ಮನೆಗಳು ಕಡಿಮೆಯಲ್ಲ.

ಅಳತೆ ಸರಿಯಿದೆಯೇ?

ಅತಿಯಾಗಿ ಉಣಿಸುವುದೂ ಸಡಿಲ ಮಲಕ್ಕೆ ಕಾರಣ. ಪುಟ್ಟ ನಾಯಿಗೆ ಎಷ್ಟು ಸಾಕು ಎಂಬುದನ್ನು ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲೇ ತಿಳಿಯಬಹುದು. ಕಿಲೊದಲ್ಲಿನ ತೂಕದ ಘನ ತೆಗೆದು, ಅದರ ವರ್ಗಮೂಲದ ವರ್ಗಮೂಲ ತೆಗೆದು, 70ರಿಂದ ಗುಣಿಸಿ. ನಾಲ್ಕು ಕಿಲೊ ನಾಯಿಗೆ: 4×4×4=64; ವರ್ಗಮೂಲ 8; ಮತ್ತೆ ವರ್ಗಮೂಲ 2.83, 70ರಿಂದ ಗುಣಿಸಿದರೆ ಸುಮಾರು 198 ಕಿಲೊ ಕ್ಯಾಲರಿ. ಇದು ಸುಮ್ಮನೆ ಮಲಗಿರಲು ಬೇಕಾದದ್ದು. ಸಂತಾನಹರಣ ಚಿಕಿತ್ಸೆಯಾದ, ಮನೆಯೊಳಗೇ ಓಡಾಡುವ ವಯಸ್ಕ ನಾಯಿಗೆ ಇದರ 1.6ರಷ್ಟು, ಅಂದರೆ ಸುಮಾರು 317. ನೂರು ಗ್ರಾಂಗೆ 370 ಕಿಲೊ ಕ್ಯಾಲರಿ ಇರುವ ಒಣ ಆಹಾರವಾದರೆ ದಿನಕ್ಕೆ ಸುಮಾರು 85 ಗ್ರಾಂ. ಇದು ಆರಂಭದ ಅಂದಾಜು. ತೂಕ ನೋಡಿಕೊಂಡು ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. ಬೆಳೆಯುವ ಮರಿಗೆ ಇನ್ನೂ ಹೆಚ್ಚು ಬೇಕು.

ತಿಂಡಿತೀರ್ಥವೆಲ್ಲ ಸೇರಿ ಹತ್ತನೆಯ ಒಂದು ಭಾಗ ಮೀರಬಾರದು. ಈ ನಾಯಿಗೆ ಅದು ಸುಮಾರು 30 ಕಿಲೊ ಕ್ಯಾಲರಿ. ಒಂದು ಪುಟ್ಟ ಗ್ಲೂಕೋಸ್ ಬಿಸ್ಕತ್ತೇ 20 ದಾಟುತ್ತದೆ. ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ದೊಡ್ಡ ನಾಯಿಗೆ 15 ಗ್ರಾಂ ಹೆಚ್ಚಾದರೆ ಗೊತ್ತೇ ಆಗದು, ಇದಕ್ಕೆ ಅದು ಊಟದ ಆರನೆಯ ಒಂದು ಭಾಗಕ್ಕಿಂತ ಹೆಚ್ಚು.

ಭೇದಿಯ ದಿನಗಳ ಹಗುರ ಊಟ

ಅಪಾಯದ ಗುರುತುಗಳಿಲ್ಲ, ನಾಯಿ ಚುರುಕಾಗಿದೆ, ಮಲ ಮಾತ್ರ ಸಡಿಲ ಎಂದಾದರೆ: ಚರ್ಮ, ಕೊಬ್ಬು ತೆಗೆದ ಕೋಳಿಯ ಎದೆಮಾಂಸವನ್ನು ಬರಿ ನೀರಿನಲ್ಲಿ ಬೇಯಿಸಿ, ಒಂದು ಪಾಲಿಗೆ ಎರಡು ಪಾಲು ಮೆತ್ತಗೆ ಬೆಂದ ಅನ್ನ ಸೇರಿಸಿ, ದಿನಕ್ಕೆ ನಾಲ್ಕೈದು ಸಲ ಚಮಚಗಳ ಲೆಕ್ಕದಲ್ಲಿ ಕೊಡಿ. ಉಪ್ಪು, ಅರಿಶಿನ, ಒಗ್ಗರಣೆ ಏನೂ ಬೇಡ. ಕೋಳಿ ಬೇಯಿಸದ ಮನೆಗಳಲ್ಲಿ ಕೆನೆ ತೆಗೆದ ಹಾಲಿನ ಪನೀರನ್ನು ಪುಡಿ ಮಾಡಿ ಅನ್ನಕ್ಕೆ ಸೇರಿಸಬಹುದು. ಅಂಗಡಿಯ ಪನೀರ್ ಕೊಬ್ಬಿನ ಮುದ್ದೆ, ಅದು ಸಲ್ಲದು. ಎರಡು ಮೂರು ದಿನಗಳಲ್ಲಿ ಮಲ ಗಟ್ಟಿಯಾದ ಮೇಲೆ ಹಳೆಯ ಆಹಾರವನ್ನೇ ನಿಧಾನವಾಗಿ ಮರಳಿ ತನ್ನಿ. ಹಳೆಯ ಆಹಾರಕ್ಕೇ ಮರಳಿ ಎನ್ನುವುದು ಬಹಳ ಮುಖ್ಯ: ಅದರಲ್ಲಿ ನಾಯಿ ಚೆನ್ನಾಗಿದ್ದರೆ ತಪ್ಪು ಆ ಆಹಾರದ್ದಲ್ಲ ಎಂಬುದು ಅಲ್ಲೇ ತೀರ್ಮಾನವಾಯಿತು.

ಮೊಸರನ್ನದ ವಿಷಯ ಎಲ್ಲರೂ ಕೇಳುತ್ತಾರೆ. ಮೊಸರಿನಲ್ಲಿ ಹಾಲಿಗಿಂತ ಲ್ಯಾಕ್ಟೋಸ್ ಕಡಿಮೆ, ಅನೇಕ ನಾಯಿಗಳಿಗೆ ಒಗ್ಗುತ್ತದೆ. ಆದರೆ ಕಾರಣ ಹುಡುಕುವ ದಿನಗಳಲ್ಲಿ ಅದನ್ನು ನಿಲ್ಲಿಸಿ. ಹಾಲಿನ ಪ್ರೋಟೀನೇ ಅಪರಾಧಿಯಾಗಿದ್ದರೆ ಮೊಸರು ಅದನ್ನು ಮರೆಮಾಡುತ್ತದೆ. ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಹಾಕಬೇಡಿ. ಪ್ರತಿ ಸಡಿಲ ಮಲಕ್ಕೂ ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಕೊಡುವ ಅಭ್ಯಾಸವೂ ಈಗ ಹಿಂದೆ ಸರಿಯುತ್ತಿದೆ. ಅದು ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನೂ ಹೊಡೆಯುತ್ತದೆ, ಅವು ಚೇತರಿಸಿಕೊಳ್ಳಲು ವಾರಗಳೇ ಹಿಡಿಯುತ್ತವೆ.

ದೋಷಕ್ಕೆ ತಕ್ಕ ಆಹಾರ

ಭೇದಿ ಮೂರು ವಾರ ದಾಟಿದೆ, ಅಥವಾ ಹೋಗಿ ಹೋಗಿ ಬರುತ್ತಿದೆ. ಹುಳು ಇಲ್ಲ, ಕಳ್ಳತನದ ತುತ್ತುಗಳಿಲ್ಲ, ಅಳತೆ ಸರಿಯಿದೆ. ಈಗ ಆಹಾರದ ಸರದಿ. ಇಂಥ ದೀರ್ಘಕಾಲದ ಕರುಳಿನ ತೊಂದರೆಗಳಲ್ಲಿ ಬರೀ ಆಹಾರದಿಂದಲೇ ಹತೋಟಿಗೆ ಬರುವವೇ ದೊಡ್ಡ ಪಾಲು, ಆದ್ದರಿಂದ ತಾಳ್ಮೆಗೆಡಬೇಡಿ. ಹಿಡಿದು ತಿರುಗಿಸಬಹುದಾದ ತಿರುಗುಣಿಗಳು ಮೂರು: ನಾರು, ಕೊಬ್ಬು, ಪ್ರೋಟೀನ್.

ದೊಡ್ಡ ಕರುಳಿನ ದೋಷಕ್ಕೆ ಮೊದಲು ನಾರು. ಈಗಿನ ಆಹಾರಕ್ಕೇ ಬೇಯಿಸಿ ಹಿಸುಕಿದ ಸಿಹಿಗುಂಬಳ ಒಂದೆರಡು ಚಹಾ ಚಮಚ, ಅಥವಾ ನೀರಿನಲ್ಲಿ ಚೆನ್ನಾಗಿ ನೆನೆಸಿದ ಇಸಬಗೋಲು ಕಾಲಿನಿಂದ ಅರ್ಧ ಚಹಾ ಚಮಚ ಸೇರಿಸಿ ನೋಡಿ. ಎಷ್ಟೋ ನಾಯಿಗಳಿಗೆ ಇಷ್ಟೇ ಸಾಕು.

ಸಣ್ಣ ಕರುಳಿನ ದೋಷ, ಮೇದೋಜೀರಕ ಗ್ರಂಥಿಯ ತೊಂದರೆ, ಕೊಬ್ಬಿನೂಟ ತಿಂದಾಗಲೆಲ್ಲ ವಾಂತಿ ಇದ್ದರೆ ಕೊಬ್ಬನ್ನು ಇಳಿಸಬೇಕು. ಮಿನಿಯೇಚರ್ ಷ್ನೌಜರ್‌ಗಳಲ್ಲಿ ವಂಶಪಾರಂಪರ್ಯವಾಗಿ ರಕ್ತದ ಕೊಬ್ಬು ಹೆಚ್ಚಿರುವುದು ಸಾಮಾನ್ಯ. ಯಾರ್ಕಿಗಳಲ್ಲಿ ಕರುಳಿನ ಮೂಲಕ ಪ್ರೋಟೀನ್ ಸೋರಿಹೋಗುವ ಕಾಯಿಲೆ ಇತರ ತಳಿಗಳಿಗಿಂತ ಹೆಚ್ಚು, ಅದಕ್ಕೂ ಅತಿ ಕಡಿಮೆ ಕೊಬ್ಬಿನ ಆಹಾರವೇ ಚಿಕಿತ್ಸೆಯ ಅಡಿಪಾಯ.

ಇಲ್ಲಿ ಲೇಬಲ್ ಓದುವುದು ಗೊತ್ತಿರಬೇಕು. ಡಬ್ಬಿಯ ಹಸಿ ಆಹಾರದ ಮೇಲೆ ಕೊಬ್ಬು ಶೇ 4 ಎಂದೂ, ಒಣ ಆಹಾರದ ಮೇಲೆ ಶೇ 10 ಎಂದೂ ಬರೆದಿದೆ ಎನ್ನಿ. ಹಸಿಯದೇ ಹಗುರ ಎನಿಸುತ್ತದೆ. ಆದರೆ ಅದರಲ್ಲಿ ಶೇ 80 ನೀರು. ಉಳಿದ 20 ಪಾಲಿನಲ್ಲಿ 4 ಪಾಲು ಕೊಬ್ಬು, ಅಂದರೆ ಒಣ ಅಂಶದ ಶೇ 20. ಒಣ ಆಹಾರದಲ್ಲಿ ನೀರು ಶೇ 10 ಮಾತ್ರ. 90ರಲ್ಲಿ 10, ಅಂದರೆ ಸುಮಾರು ಶೇ 11. ಹಗುರ ಎಂದು ಕೊಂಡದ್ದರಲ್ಲಿ ಹತ್ತಿರ ಹತ್ತಿರ ಎರಡರಷ್ಟು ಕೊಬ್ಬು! ಲೇಬಲ್‌ನ ಕೊಬ್ಬನ್ನು, ನೂರರಲ್ಲಿ ನೀರು ಕಳೆದು ಉಳಿದದ್ದರಿಂದ ಭಾಗಿಸಿ, ಆಮೇಲೆ ಹೋಲಿಸಿ. ಚಿಕ್ಕ ತಳಿಗೆಂದು ಮಾರುವ ಸಾಮಾನ್ಯ ಆಹಾರಗಳಲ್ಲಿ ಕೊಬ್ಬು ಶೇ 14ರಿಂದ 20ರವರೆಗೂ ಇರುತ್ತದೆ, ಮರಿಗಳ ಆಹಾರದಲ್ಲಿ ಇನ್ನೂ ಹೆಚ್ಚು. ‘ಪುಷ್ಟಿಯಾಗಲಿ’ ಎಂದು ವಯಸ್ಕ ನಾಯಿಗೆ ಮರಿಗಳ ಆಹಾರ ಹಾಕುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಮೂರನೆಯದು ಪ್ರೋಟೀನ್, ಇದಕ್ಕೆ ಶಿಸ್ತು ಎಲ್ಲಕ್ಕಿಂತ ಹೆಚ್ಚು ಬೇಕು. ಆಹಾರದ ಅಲರ್ಜಿಯಿಂದ ಚರ್ಮದ ತೊಂದರೆಯಾದ 297 ನಾಯಿಗಳ ದಾಖಲೆಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ ದನದ ಮಾಂಸ ಶೇ 34, ಹಾಲಿನ ಪದಾರ್ಥ ಶೇ 17, ಕೋಳಿ ಶೇ 15, ಗೋಧಿ ಶೇ 13 ನಾಯಿಗಳಲ್ಲಿ ಕಾರಣವಾಗಿದ್ದವು. ಅಕ್ಕಿ, ಮೆಕ್ಕೆಜೋಳ ಬಹಳ ಕೆಳಗಿದ್ದವು. ಆದ್ದರಿಂದ ‘ಧಾನ್ಯವಿಲ್ಲದ್ದು’ ಎಂಬ ದುಬಾರಿ ಪೊಟ್ಟಣವೇ ಮದ್ದು ಎಂದು ನಂಬಬೇಡಿ. ಅಂಥ ಕೆಲವು ಆಹಾರಗಳಿಗೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ತನಿಖೆಯನ್ನೇ ಆರಂಭಿಸಿತು. ಯಾವ ನಾಯಿಗೆ ಯಾವುದು ಆಗದು ಎಂಬುದು ಅದು ಈವರೆಗೆ ತಿಂದದ್ದರ ಮೇಲೆ ನಿಂತಿದೆ. ಜೀವಮಾನವೆಲ್ಲ ಕೋಳಿ, ಮೊಸರು, ಚಪಾತಿ ತಿಂದ ನಾಯಿಗೆ ಶಂಕೆಯ ಪಟ್ಟಿಯೂ ಅದೇ.

ಪರೀಕ್ಷೆಯ ಕ್ರಮ ಹೀಗೆ: ನಾಯಿ ಎಂದೂ ತಿನ್ನದ ಒಂದೇ ಪ್ರೋಟೀನ್ ಇರುವ ಆಹಾರ, ಇಲ್ಲವೇ ಪ್ರೋಟೀನನ್ನು ಅಲರ್ಜಿ ಗುರುತಿಸಲಾಗದಷ್ಟು ಚೂರು ಮಾಡಿದ ಹೈಡ್ರೊಲೈಸ್ಡ್ ಆಹಾರ. ಎರಡನೆಯದು ಪಶುವೈದ್ಯರ ಸಲಹೆಯ ಮೇರೆಗೆ ಸಿಗುತ್ತದೆ, ಬೆಲೆ ಹೆಚ್ಚು, ಆದರೆ ಉತ್ತರ ಸ್ಪಷ್ಟ. ಅನುಮಾನ ಗಟ್ಟಿಯಿದ್ದವರು ನೇರವಾಗಿ ಇದಕ್ಕೇ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ‘ಕುರಿಮಾಂಸದ್ದು’ ಎಂದು ಮುಂದೆ ಬರೆದ ಪೊಟ್ಟಣದ ಹಿಂದೆ ಕೋಳಿ ಕೊಬ್ಬು, ಕೋಳಿ ಪುಡಿ ಇರುವುದು ಮಾಮೂಲು. ಹೊಟ್ಟೆಯ ತೊಂದರೆಗೆ ಎರಡು ವಾರದೊಳಗೇ ಬಹಳಷ್ಟು ನಾಯಿಗಳಲ್ಲಿ ಸುಧಾರಣೆ ಕಾಣುತ್ತದೆ. ತುರಿಕೆಯೂ ಇದ್ದರೆ ಎಂಟು ವಾರ ಬೇಕು. ರಕ್ತ, ಕೂದಲು, ಎಂಜಲು ಕಳುಹಿಸಿ ಮಾಡಿಸುವ ಆಹಾರ ಅಲರ್ಜಿಯ ಪರೀಕ್ಷೆಗಳನ್ನು ನಂಬಲಾಗದು.

ಈ ಅವಧಿಯಲ್ಲಿ ಬೇರೆ ಒಂದು ತುತ್ತೂ ಬಾಯಿಗೆ ಹೋಗಬಾರದು. ಕೋಳಿ ರುಚಿಯ ಹುಳು ಮಾತ್ರೆ, ಮಾಂಸದ ಪರಿಮಳದ ಟೂತ್‌ಪೇಸ್ಟ್, ಮಾತ್ರೆ ನುಂಗಿಸಲು ಬಳಸಿದ ಬೆಣ್ಣೆ, ಅಗಿಯುವ ಚರ್ಮದ ತುಂಡು ಎಲ್ಲವೂ ಪರೀಕ್ಷೆಯನ್ನು ಮೊದಲ ದಿನಕ್ಕೆ ತಳ್ಳುತ್ತವೆ. ಮನೆಯ ಹಿರಿಯರಿಗೆ ‘ಕೊಡಬೇಡಿ’ ಎಂದು ಹೇಳಿದರೆ ‘ಪಾಪ, ಒಂದು ತುಂಡು ತಾನೇ’ ಎಂಬ ಉತ್ತರ ಬರುತ್ತದೆ, ಅದು ಪ್ರೀತಿಯ ಮಾತೇ. ಆ ಪ್ರೀತಿಗೆ ಅಡ್ಡ ನಿಲ್ಲದೆ, ದಿನದ ಪಾಲಿನಿಂದಲೇ ಹತ್ತು ಹದಿನೈದು ಕಾಳು ಒಂದು ಡಬ್ಬಿಯಲ್ಲಿ ಹಾಕಿ ಅಜ್ಜಿಯ ಕೈಗೆ ಕೊಡಿ. ಅಜ್ಜಿ ಕೊಡುತ್ತಲೇ ಇರಲಿ, ನಾಯಿ ತಿನ್ನುತ್ತಲೇ ಇರಲಿ, ಪರೀಕ್ಷೆ ಕೆಡುವುದಿಲ್ಲ.

ಸುಧಾರಣೆ ಕಂಡ ಮೇಲೆ ಬಹಳ ಮಂದಿ ನಿಲ್ಲಿಸಿಬಿಡುವ ಹಂತವಿದೆ: ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡುವುದು. ಲಕ್ಷಣ ಮರಳಿದರೆ ಮಾತ್ರ ಕಾರಣ ಸಿಕ್ಕಿತು ಎನ್ನಬಹುದು. ನಂತರ ಕೋಳಿ, ಗೋಧಿ, ಹಾಲಿನ ಪದಾರ್ಥ ಹೀಗೆ ಒಂದೊಂದನ್ನೇ ಬೇರೆ ಬೇರೆಯಾಗಿ, ಒಂದೊಂದಕ್ಕೂ ಒಂದೆರಡು ವಾರ ಕೊಟ್ಟು ಪರೀಕ್ಷಿಸಿ. ಹಿಂದೆ ತೀವ್ರ ಅಸ್ವಸ್ಥವಾಗಿದ್ದ ನಾಯಿಗೆ ಮಾತ್ರ ವೈದ್ಯರನ್ನು ಕೇಳದೆ ಹೀಗೆ ಮಾಡಬೇಡಿ.

ಆಹಾರ ಯಾವುದೇ ಇರಲಿ, ಬದಲಾವಣೆ ಏಳರಿಂದ ಹತ್ತು ದಿನಗಳಲ್ಲಿ ಆಗಬೇಕು: ಮೊದಲು ಕಾಲು ಭಾಗ ಹೊಸದು, ಎರಡು ಮೂರು ದಿನದ ಮೇಲೆ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ಮಲ ಸಡಿಲವಾದರೆ ಒಂದು ಮೆಟ್ಟಿಲು ಕೆಳಗಿಳಿದು ನಿಲ್ಲಿ.

ಮನೆಯ ಅಡುಗೆಯೇ ಒಗ್ಗಿತು, ಅದನ್ನೇ ಮುಂದುವರಿಸೋಣ ಎನ್ನುವವರಿಗೆ ಒಂದು ಮಾತು. ಕೋಳಿ ಮತ್ತು ಅನ್ನ ಮಾತ್ರ ತಿಂಗಳುಗಟ್ಟಲೆ ತಿಂದ ನಾಯಿಗೆ ಕ್ಯಾಲ್ಸಿಯಂ, ಸತು, ತಾಮ್ರ, ವಿಟಮಿನ್‌ಗಳು ಸಾಲುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯಕೀಯ ಶಾಲೆಯವರು 2013ರಲ್ಲಿ ನಾಯಿಗಳ ಮನೆಯಡುಗೆಯ 200 ಪಾಕವಿಧಾನಗಳನ್ನು ವಿಶ್ಲೇಷಿಸಿದಾಗ ಶೇ 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶದ ಕೊರತೆಯಿತ್ತು. ಅವುಗಳಲ್ಲಿ ಪಶುವೈದ್ಯರು ಬರೆದವೂ ಇದ್ದವು. ಮನೆಯಡುಗೆ ಒಳ್ಳೆಯದೇ, ಆದರೆ ಪಶು ಆಹಾರ ತಜ್ಞರು ತೂಕ ನೋಡಿ ಬರೆದುಕೊಟ್ಟ ಪಾಕವೇ ಆಗಿರಲಿ.

ಸರಿಯಾಗಿದ್ದ ಆಹಾರ ನಡುವೆ ಕೈಕೊಟ್ಟರೆ

ನಾಯಿ ತಿಂಗಳುಗಳಿಂದ ಚೆನ್ನಾಗಿದ್ದು, ಅದೇ ಆಹಾರದಲ್ಲಿ ಇದ್ದಕ್ಕಿದ್ದಂತೆ ಹೊಟ್ಟೆ ಕೆಟ್ಟರೆ ಪೊಟ್ಟಣದ ಸ್ಥಿತಿ ನೋಡಿ. ಪುಟ್ಟ ನಾಯಿಗೆ ಉಳಿತಾಯವೆಂದು ಹತ್ತು ಕಿಲೊ ಚೀಲ ತಂದರೆ ಅದು ದಿನಕ್ಕೆ 85 ಗ್ರಾಂ ಲೆಕ್ಕದಲ್ಲಿ ಸುಮಾರು ನಾಲ್ಕು ತಿಂಗಳು ತೆರೆದೇ ಇರುತ್ತದೆ. ಅಷ್ಟರಲ್ಲಿ ಕೊಬ್ಬು ಕಮಟು ಹಿಡಿಯುತ್ತದೆ, ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಬೂಷ್ಟಿನ ವಿಷ ಯಕೃತ್ತಿಗೆ ಮಾರಕ. ಒಂದೂವರೆ ತಿಂಗಳಲ್ಲಿ ಮುಗಿಯುವಷ್ಟೇ ಕೊಳ್ಳಿ, ಮೂಲ ಚೀಲದ ಬಾಯಿ ಬಿಗಿದು ಚೀಲ ಸಮೇತ ಡಬ್ಬಿಯಲ್ಲಿಡಿ. ಗೋಣಿಯಿಂದ ಬಿಡಿಯಾಗಿ ತೂಗಿ ಕೊಡುವುದನ್ನು ಕೊಳ್ಳಬೇಡಿ. ಅದರ ತಯಾರಿಯ ದಿನಾಂಕವೂ ತಿಳಿಯದು, ಪದಾರ್ಥಗಳ ಪಟ್ಟಿಯೂ ಸಿಗದು.

ಎಲ್ಲ ಮಾಡಿಯೂ ಮಲದ ಅಂಕ ಇಳಿಯದಿದ್ದರೆ, ಅಥವಾ ತೂಕ ಇಳಿಯುತ್ತಲೇ ಇದ್ದರೆ, ಮತ್ತೊಂದು ಪೊಟ್ಟಣ ಬೇಡ. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್, ವಿಟಮಿನ್ ಬಿ12, ಮೇದೋಜೀರಕ ಗ್ರಂಥಿಯ ಲೈಪೇಸ್ ಮತ್ತು ಟಿಎಲ್‌ಐ (ಆ ಗ್ರಂಥಿಯ ಜೀರ್ಣರಸದ ಕೊರತೆ ತಿಳಿಸುವ ಪರೀಕ್ಷೆ), ಕಾರ್ಟಿಸಾಲ್ ಇವುಗಳ ಪರೀಕ್ಷೆ ಬೇಕಾಗಬಹುದು. ಜೊತೆಗೆ ಹೊಟ್ಟೆಯ ಅಲ್ಟ್ರಾಸೌಂಡ್ ಬಗ್ಗೆ ವೈದ್ಯರನ್ನು ಕೇಳಿ. ಕಾರ್ಟಿಸಾಲ್ ಏಕೆಂದರೆ, ಅಡ್ರಿನಲ್ ಗ್ರಂಥಿ ಸೋತ ನಾಯಿಯೂ ತಿಂಗಳುಗಟ್ಟಲೆ ಬಂದು ಹೋಗುವ ವಾಂತಿ, ಭೇದಿಯನ್ನೇ ತೋರಿಸುತ್ತದೆ. ಹೋಗುವಾಗ ಮೂರನ್ನು ಒಯ್ಯಿರಿ: ತೂಕ ಮತ್ತು ಮಲದ ಅಂಕ ಬರೆದ ನೋಟ್‌ಪುಸ್ತಕ, ಈವರೆಗೆ ಕೊಟ್ಟ ಎಲ್ಲ ಆಹಾರಗಳ ಹಿಂಬದಿಯ ಲೇಬಲ್‌ನ ಚಿತ್ರಗಳು, ಅಂದು ಬೆಳಗಿನ ಮಲದ ಮಾದರಿ. ಕೆಲವು ಪರೀಕ್ಷೆಗಳಿಗೆ ನಾಯಿ ಖಾಲಿ ಹೊಟ್ಟೆಯಲ್ಲಿರಬೇಕಾಗುತ್ತದೆ. ಎಷ್ಟು ಗಂಟೆ ಎಂಬುದನ್ನು, ವಿಶೇಷವಾಗಿ ಎರಡು ಮೂರು ಕಿಲೊದ ನಾಯಿಯಾದರೆ, ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ.